ಮಾದಪ್ಪನ ವಾರದ ಮಿಠಾಯಿ

"ದಿನಕ್ಕೆ ಎಷ್ಟು ಸಲ ಸಿಹಿ ತಿಂತೀಯ?"

ಹನೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಜಗಲಿಯಲ್ಲಿ ಕೂತು, ಒಂದನೇ ತರಗತಿಯ ಹುಡುಗನೊಬ್ಬನನ್ನು ಕೇಳಿದ್ದೆ. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಈ ಪ್ರಶ್ನೆಗೆ ನಾಲ್ಕು ಚೌಕಗಳಿದ್ದವು. ಇಲ್ಲವೇ ಇಲ್ಲ, ಒಂದೆರಡು ಸಲ, ಮೂರ್ನಾಲ್ಕು ಸಲ, ಅದಕ್ಕಿಂತ ಹೆಚ್ಚು. ಹುಡುಗ ನನ್ನ ಪೆನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ಯೋಚಿಸಿ, "ಕಾಸಿದ್ದಾಗ" ಅಂದ.

ನಾಲ್ಕು ಚೌಕದಲ್ಲಿ ಯಾವುದಕ್ಕೂ ಅದು ಹೊಂದಲಿಲ್ಲ.

"ಕಾಸು ಯಾರು ಕೊಡ್ತಾರೆ?"

"ಅಜ್ಜಿ."

"ಯಾಕೆ ಕೊಡ್ತಾರೆ?"

"ಅಳ್ಬಾರ್ದು ಅಂತ."

ಅವನ ಅಪ್ಪ, ಅವ್ವ ಇಬ್ಬರೂ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದರು. ಆ ಕಡೆಯ ಊರುಗಳಲ್ಲಿ ಇದು ಹೊಸ ಸುದ್ದಿಯೇನಲ್ಲ. ಮಳೆ ಕೈಕೊಟ್ಟರೆ ಮನೆಗೆ ಬೀಗ, ಇಲ್ಲವೇ ಮನೆಯಲ್ಲಿ ಅಜ್ಜಿ ಮತ್ತು ಮಕ್ಕಳು. ನಾನು ಮೂರನೇ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಸಣ್ಣಗೆ 'ಕಾಸಿದ್ದಾಗ' ಎಂದು ಬರೆದುಕೊಂಡೆ. ಆ ಟಿಪ್ಪಣಿ ನನ್ನ ಪ್ರಬಂಧದ ಯಾವ ಕೋಷ್ಟಕಕ್ಕೂ ಹೋಗುವುದಿಲ್ಲ. ಆದರೆ ಎರಡು ವರ್ಷದ ತಿರುಗಾಟದಲ್ಲಿ ನನಗೆ ಸಿಕ್ಕಿದ ಅತ್ಯಂತ ನಿಖರವಾದ ಉತ್ತರ ಅದೇ ಅಂತ ಈಗ ಅನಿಸುತ್ತದೆ.

ನಾನು ಹಲ್ಲಿನ ಡಾಕ್ಟರಲ್ಲ. ಸಮಾಜಕಾರ್ಯ ಓದಿ, ಆಮೇಲೆ ಸಾರ್ವಜನಿಕ ಆರೋಗ್ಯದ ಕಡೆ ಹೊರಳಿದವಳು. ಮಕ್ಕಳ ಹಲ್ಲು ಹುಳುಕಾಗುವ ಅಪಾಯವನ್ನು ಮೊದಲೇ ಅಂದಾಜು ಮಾಡುವುದು ಹೇಗೆ, ಅಂದಾಜು ಮಾಡಿದ ಮೇಲೆ ತಡೆಯುವುದು ಹೇಗೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಕೊಳ್ಳೇಗಾಲ, ಹನೂರು, ಯಳಂದೂರು ನನ್ನ ಕ್ಷೇತ್ರ. ಬಾಯಿ ನೋಡಲು ನಮ್ಮ ತಂಡದಲ್ಲಿ ಒಬ್ಬರು ದಂತವೈದ್ಯೆ ಇದ್ದಾರೆ. ನಾನು ಕೇಳುವವಳು, ಬರೆದುಕೊಳ್ಳುವವಳು. "ಹಂಗಾರೆ ಓದು ಮುಗುದ್ ಮೇಲೆ ಡಾಕ್ಟ್ರು ಅಂತಾರಲ್ಲ, ಅದ್ಯಾವ್ ಡಾಕ್ಟ್ರು?" ಅಂತ ನಮ್ಮ ಬೀದಿಯವರು ಕೇಳಿದಾಗ ಅವ್ವನೇ ಉತ್ತರ ಕೊಡುತ್ತಾಳೆ: "ಹಲ್ಲು ಕೀಳ್ದೆ ಇರೋ ಡಾಕ್ಟ್ರು ಕನಿ."

ನಮ್ಮ ಭಾಷೆಯಲ್ಲಿ ಈ ಕಾಯಿಲೆಗೆ ಇರುವ ಹೆಸರಿನಲ್ಲೇ ಒಂದು ಸಿದ್ಧಾಂತವಿದೆ. ಹುಳುಕು ಅಂದರೆ ಹುಳ ತಿಂದದ್ದು. ಬದನೆಕಾಯಿ ಹುಳುಕಾಗುವ ಹಾಗೆ ಹಲ್ಲೂ ಹುಳುಕಾಗುತ್ತದೆ. ನಮ್ಮಜ್ಜಿ ಚಿಕ್ಕವಳಿದ್ದಾಗ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ಕೊಳವೆಯಲ್ಲಿ ಹಲ್ಲಿಗೆ ಹಿಡಿಸಿ 'ಹುಳ ಬೀಳಿಸುವವರು' ಊರಿಗೆ ಬರುತ್ತಿದ್ದರಂತೆ. ಹುಳ ನೀರಿನ ತಟ್ಟೆಯಲ್ಲಿ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಬಿದ್ದದ್ದು ಬೀಜದ ಮೊಳಕೆಯೋ ಸಿಪ್ಪೆಯೋ ಇರಬೇಕು. ಹಲ್ಲಿನೊಳಗೆ ಹುಳವಿದೆ ಎಂದು ನಂಬಿದ್ದು ನಾವು ಮಾತ್ರ ಅಲ್ಲ, ಪುರಾತನ ಬ್ಯಾಬಿಲೋನಿನವರಿಂದ ಹಿಡಿದು ಯುರೋಪಿನವರ ತನಕ ಬಹಳ ಮಂದಿ ನಂಬಿದ್ದರು.

ಹುಳವಿಲ್ಲ ನಿಜ. ಆದರೆ ಕಣ್ಣಿಗೆ ಕಾಣದ ಜೀವಿಗಳಿವೆ. 1924ರಲ್ಲಿ ಲಂಡನ್ನಿನಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲಿನಿಂದ ಬೇರ್ಪಡಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಅವುಗಳಲ್ಲಿ ಒಂದು. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹಲ್ಲಿನ ಮೇಲ್ಪದರದ ಖನಿಜವನ್ನು ಕರಗಿಸುತ್ತದೆ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಇದನ್ನು ಅಳೆದು ತೋರಿಸಿದರು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಹಲ್ಲಿನ ಮೇಲಿನ ಪಾಚಿಯಲ್ಲಿ ಆಮ್ಲ ಏರುತ್ತದೆ, ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲು ಕರಗಲು ತೊಡಗುತ್ತದೆ. ಮತ್ತೆ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಬಿಡುವಿನಲ್ಲಿ ಜೊಲ್ಲು ತನ್ನ ಕೆಲಸ ಮಾಡುತ್ತದೆ, ಕಳೆದುಹೋದ ಖನಿಜವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತುಂಬುತ್ತದೆ. ಹಲ್ಲು ದಿನವೂ ಸ್ವಲ್ಪ ಕರಗಿ, ದಿನವೂ ಸ್ವಲ್ಪ ಕಟ್ಟಿಕೊಳ್ಳುತ್ತದೆ. ಬಿಡುವೇ ಕೊಡದಿದ್ದರೆ ಕರಗುವುದೇ ಗೆಲ್ಲುತ್ತದೆ.

ಅಂದರೆ ಎಷ್ಟು ಸಿಹಿ ತಿಂದೆ ಎನ್ನುವುದಕ್ಕಿಂತ ಎಷ್ಟು ಸಲ ತಿಂದೆ ಎನ್ನುವುದು ದೊಡ್ಡ ಪ್ರಶ್ನೆ. ಹಬ್ಬದ ದಿನ ಊಟದ ಜೊತೆ ಎರಡು ಒಬ್ಬಟ್ಟು ತಿಂದ ಮಗುವಿಗಿಂತ, ಒಂದು ರೂಪಾಯಿಯ ಅಂಟು ಮಿಠಾಯಿಯನ್ನು ಬೆಳಿಗ್ಗೆಯಿಂದ ಸಂಜೆಯ ತನಕ ಆಗಾಗ ಚೀಪುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು. ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಕೂಸಿಗೆ ಇನ್ನೂ ಹೆಚ್ಚು, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ.

ಇದನ್ನೆಲ್ಲ ಒಟ್ಟುಗೂಡಿಸಿ ಒಂದು ಮಗುವಿನ ಅಪಾಯ ಇಷ್ಟು ಎಂದು ಹೇಳುವ ಸಲಕರಣೆಗಳಿವೆ. 1990ರ ದಶಕದಲ್ಲಿ ಸ್ವೀಡನ್ನಿನ ಮಾಲ್ಮೋದಲ್ಲಿ ಡಗ್ಲಸ್ ಬ್ರಾಟಾಲ್ ಎಂಬ ಪ್ರಾಧ್ಯಾಪಕರು ರೂಪಿಸಿದ ಕ್ಯಾರಿಯೋಗ್ರಾಮ್ ಅವುಗಳಲ್ಲಿ ಹೆಸರಾದದ್ದು. ಅದೊಂದು ದುಂಡನೆಯ ಚಿತ್ರ. ಆಹಾರಕ್ಕೆ ಕಡುನೀಲಿ, ಬ್ಯಾಕ್ಟೀರಿಯಾಕ್ಕೆ ಕೆಂಪು, ಹಲ್ಲಿನ ರಕ್ಷಣೆ ಎಷ್ಟು ದುರ್ಬಲ ಎಂಬುದಕ್ಕೆ ತಿಳಿನೀಲಿ, ಹಿಂದಿನ ಹುಳುಕು ಮತ್ತು ಬೇರೆ ಕಾಯಿಲೆಗಳಿಗೆ ಹಳದಿ. ಇವೆಲ್ಲ ತಿಂದು ಉಳಿದ ಭಾಗ ಹಸಿರು. ಆ ಹಸಿರೇ ಮುಂದೆ ಹೊಸ ಹುಳುಕಿನಿಂದ ತಪ್ಪಿಸಿಕೊಳ್ಳುವ ಅವಕಾಶ. ಮೊದಲ ಸಲ ನೋಡಿದಾಗ ನನಗೆ ಅದು ಭಾರಿ ಇಷ್ಟವಾಗಿತ್ತು. ಒಂದು ಮಗುವಿನ ಬಾಯಿಯಲ್ಲಿ ಎಷ್ಟು ಹಸಿರು ಉಳಿದಿದೆ ಎಂದು ತೋರಿಸಬಹುದಲ್ಲ!

ಆದರೆ ಈ ಕ್ಷೇತ್ರದ ಎಲ್ಲರಿಗೂ ಗೊತ್ತಿರುವ ಒಂದು ಮುಜುಗರದ ಸಂಗತಿಯಿದೆ. ಮುಂದೆ ಹಲ್ಲು ಹುಳುಕಾಗುತ್ತದೆ ಎಂದು ಹೇಳಲು ಇರುವ ಅತಿ ಬಲವಾದ ಸೂಚನೆ ಯಾವುದು ಗೊತ್ತೇ? ಈಗಾಗಲೇ ಹುಳುಕಾಗಿರುವುದು. ನಾವು ಎಷ್ಟೇ ಪ್ರಶ್ನೆ ಕೇಳಿದರೂ ಕೊನೆಗೆ ಬಾಯೊಳಗಿನ ಹಳೆಯ ಕುಳಿಯೇ ಹೆಚ್ಚು ಮಾತಾಡುತ್ತದೆ. ಮನೆ ಸೋರಿದ ಮೇಲೆ 'ಈ ಮನೆ ಸೋರುವ ಸಂಭವ ಹೆಚ್ಚು' ಎಂದು ಬರೆದುಕೊಂಡ ಹಾಗೆ.

'ಕಾಸಿದ್ದಾಗ' ಎಂದ ಹುಡುಗನ ಕೆಳದವಡೆಯ ಹಾಲುಹಲ್ಲಿನಲ್ಲಿ ಅವತ್ತು ಸಣ್ಣ ಕುಳಿಯಿತ್ತು. ನನ್ನ ನಮೂನೆ ಅವನಿಗೆ 'ಹೆಚ್ಚು ಅಪಾಯ' ಎಂದಿತು. ನಿಯಮದಂತೆ ಒಂದು ಚೀಟಿ ಬರೆದುಕೊಟ್ಟೆವು. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಕರೆದುಕೊಂಡು ಹೋಗಿ ಎಂದು ಅಜ್ಜಿಗೆ ಹೇಳಿದೆವು. ಅಜ್ಜಿ ಚೀಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.

ಎಂಟು ತಿಂಗಳ ಮೇಲೆ ಎರಡನೇ ಸುತ್ತಿಗೆ ಹೋದಾಗ ಹುಡುಗ ಶಾಲೆಗೆ ಬಂದಿರಲಿಲ್ಲ. ಮನೆಗೆ ಹೋದೆವು. ಒಂದು ಕೆನ್ನೆ ಊದಿಕೊಂಡು, ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎರಡು ದಿನದಿಂದ ಮುದ್ದೆ ನುಂಗಿಲ್ಲ, ಬರೀ ಗಂಜಿ. ನಾನು ಚೀಟಿಯ ವಿಷಯ ಕೇಳಿದೆ. ಅಜ್ಜಿ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದರು. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಅವುಗಳ ನಡುವೆ ನಾಲ್ಕು ಮಡಿಕೆಯ ನಮ್ಮ ಚೀಟಿ. ಒಂದು ಸುಕ್ಕೂ ಇರಲಿಲ್ಲ.

"ಮಡಗಿದ್ದೀನಿ ಕನವ್ವ, ಕಳ್ದಿಲ್ಲ" ಅಂದರು.

ಅವರ ಪ್ರಕಾರ ಅವರು ತಮ್ಮ ಕೆಲಸ ಮಾಡಿದ್ದರು. ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಬೇಕಾದರೆ ಎರಡು ಬಸ್ಸು, ಒಂದು ದಿನದ ಕೂಲಿ, ಮನೆಯಲ್ಲಿ ಆಡು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಹೋದ ದಿನವೇ ಕೆಲಸ ಆಗುತ್ತದೆಂಬ ಭರವಸೆಯೂ ಇರಲಿಲ್ಲ. ಜೊತೆಗೆ ಎಲ್ಲರೂ ಹೇಳುವ ಮಾತು: "ಹಾಲಲ್ಲು ತಾನೆ, ಹೆಂಗಿದ್ರೂ ಬಿದ್ದೋಯ್ತದ." ಬೀಳುತ್ತದೆ ನಿಜ. ನಾವೆಲ್ಲ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮನೆ ಮೇಲೆ ಎಸೆದವರೇ. ಆದರೆ ದವಡೆಯ ಹಾಲುಹಲ್ಲು ಬೀಳುವುದು ಹತ್ತು, ಹನ್ನೆರಡು ವರ್ಷಕ್ಕೆ. ಆರು ವರ್ಷದ ಹುಡುಗ ಅಲ್ಲಿಯ ತನಕ ಅದೇ ಹಲ್ಲಿನಲ್ಲಿ ಅಗಿಯಬೇಕು. ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದುಕೊಂಡಿರುವುದೂ ಅದೇ.

ಅವತ್ತು ನಮ್ಮ ಜೀಪಿನಲ್ಲೇ ಅಜ್ಜಿ, ಮೊಮ್ಮಗ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೀವು ತೆಗೆದರು, ಔಷಧಿ ಕೊಟ್ಟರು, ಒಂದು ವಾರದ ಮೇಲೆ ಹಲ್ಲು ಕಿತ್ತರು. ರಾತ್ರಿ ಕೋಣೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, ಅವನ ಸಾಲಿನಲ್ಲಿ ನನ್ನ ಅಂದಾಜು ಸರಿಯಾಗಿತ್ತು. 'ಹೆಚ್ಚು ಅಪಾಯ' ಎಂದಿದ್ದೆ, ಹಾಗೇ ಆಯಿತು. ಸಂಶೋಧನೆಯ ಭಾಷೆಯಲ್ಲಿ ಅದು ಒಳ್ಳೆಯ ಫಲಿತಾಂಶ. ನನಗೆ ಊಟ ಸೇರಲಿಲ್ಲ.

ಮಾರನೇ ತಿಂಗಳು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗಲೂ ಇದೇ ತಲೆಯಲ್ಲಿತ್ತು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಅಲ್ಲೇ. ವೈದ್ಯರು ಜನ ಇರುವ ಕಡೆಗೇ ಹೋಗಿ ನೆಲೆಸಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಕೊಡುವ ಉದಾಹರಣೆ ಅದು. ನಾನು ಒಂದು ಪೋಡಿನಲ್ಲಿ ವಯಸ್ಸಾದ ಸೋಲಿಗ ಹೆಂಗಸೊಬ್ಬರ ಜೊತೆ ಮಾತಾಡುತ್ತಾ ಕೂತಿದ್ದೆ. ನಿಮ್ಮ ಕಾಲದಲ್ಲಿ ಮಕ್ಕಳಿಗೆ ಸಿಹಿ ಏನು ಕೊಡುತ್ತಿದ್ದಿರಿ ಎಂದು ಕೇಳಿದೆ.

"ಜೇನು."

"ದಿನಾನೂ?"

ಅವರು ನಕ್ಕುಬಿಟ್ಟರು. "ಜೇನು ದಿನಾ ಎಲ್ಲಿ ಕಟ್ತದ ಮಗಳೇ? ಅದ್ಕೆ ಒಂದ್ ಕಾಲ ಅದ."

ಜೇನೂ ಹಲ್ಲಿಗೆ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳಿದಾಗ ಜೇನನ್ನೂ ಅದರೊಳಗೇ ಸೇರಿಸಿತ್ತು. ಒಟ್ಟು ಶಕ್ತಿಯ ನೂರಕ್ಕೆ ಹತ್ತು ಭಾಗಕ್ಕಿಂತ ಕಡಿಮೆ, ಆದರೆ ಐದಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಎಂದು. ಆದರೆ ಆ ಅಜ್ಜಿಯ ಮಾತು ಇನ್ನೊಂದು ಕಡೆಯಿಂದ ಬಂದಿತ್ತು. ಸಿಹಿಗೆ ಒಂದು ಕಾಲ ಇತ್ತು. ಬೆಟ್ಟದ ಮೇಲೆ ಜೇನಿನ ಕಾಲ, ಬಯಲಿನಲ್ಲಿ ಆಲೆಮನೆಯ ಕಾಲ, ಜಾತ್ರೆಯಲ್ಲಿ ಬೆಂಡು ಬತ್ತಾಸು, ಮಾದಪ್ಪನ ಬೆಟ್ಟದಿಂದ ಬಂದವರು ತರುವ ಪ್ರಸಾದ. ಅದು ಹಲ್ಲಿಗೋಸ್ಕರ ಮಾಡಿದ ಕಟ್ಟಳೆಯಲ್ಲ, ಬಡತನವೇ ಹಾಕಿದ ಕಟ್ಟಳೆ. ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ನೆಲಗುಳ್ಳದ ಹೊಗೆಯ ಕಾಲವೂ ಅದೇ. ಆದರೆ ಪೆಟ್ಟಿಗೆ ಅಂಗಡಿಯ ಮುಂದೆ ಸರ ಸರವಾಗಿ ನೇತುಬಿದ್ದ ಪೊಟ್ಟಣಗಳು ಆ ಕಾಲವನ್ನೇ ಅಳಿಸಿಹಾಕಿವೆ. ಈಗ ಸಿಹಿಗೆ ಇರುವುದು ಒಂದೇ ಕಾಲ. ಕಾಸಿದ್ದಾಗ.

ಇಷ್ಟೆಲ್ಲ ಊರಿನ ಮಕ್ಕಳ ಬಾಯಿ ನೋಡಿದವಳು ಮನೆಯ ಮಗುವಿನ ಬಾಯಿ ನೋಡಿರಲಿಲ್ಲ.

ನನ್ನ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳ ಮಗಳು, ಐದು ವರ್ಷದವಳು, ಕೊಳ್ಳೇಗಾಲದ ಹತ್ತಿರದ ನಮ್ಮೂರಿನಲ್ಲಿ ಅವ್ವನ ಜೊತೆ ಇದ್ದಾಳೆ. ನಾನು ಮೈಸೂರಿನಿಂದ ಶನಿವಾರ ಊರಿಗೆ ಹೋಗುವಾಗ ಬಸ್‌ ಸ್ಟ್ಯಾಂಡಿನಲ್ಲಿ ಅವಳಿಗೆ ಚಾಕೊಲೇಟು ತೆಗೆದುಕೊಂಡೇ ಹೋಗುವುದು. ವಾರಕ್ಕಾಗುವಷ್ಟು. ಅವಳ ಅವ್ವ ಹತ್ತಿರವಿಲ್ಲ ಎಂಬ ಸಂಕಟಕ್ಕೆ ನನ್ನ ಲೆಕ್ಕದಲ್ಲಿ ಅದೇ ಮದ್ದು. ಅವಳು "ಚಿಕ್ಕಮ್ಮ ಬಂದ್ಲು" ಎಂದು ಓಡಿಬರುವುದು ನನಗೋ ಬ್ಯಾಗಿಗೋ ಎಂದು ಅವ್ವ ಕಿಚಾಯಿಸುತ್ತಿದ್ದಳು.

ಒಂದು ಶನಿವಾರ ಅವಳು ತೊಡೆಯ ಮೇಲೆ ಮಲಗಿ ನಗುತ್ತಿದ್ದಳು. ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಮೇಲ್ತುಟಿ ಎತ್ತಿ ನೋಡಿದೆ. ನಮ್ಮ ದಂತವೈದ್ಯೆ ತಾಯಂದಿರಿಗೆ ದಿನವೂ ಹೇಳಿಕೊಡುವುದು ಇದನ್ನೇ. ತಿಂಗಳಿಗೊಮ್ಮೆ ಬೆಳಕಿಗೆ ಮುಖ ಮಾಡಿಸಿ ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ, ಹಲ್ಲಿನ ಮೇಲೆ, ಸುಣ್ಣ ಬಳಿದಂತೆ ಬಿಳಿ ಗೆರೆ ಕಂಡರೆ ಅದೇ ಮೊದಲ ಸುಳಿವು. ಅದು ಇನ್ನೂ ಕುಳಿಯಲ್ಲ. ಅಲ್ಲಿಂದ ಹಿಂದಕ್ಕೆ ಬರಬಹುದು. ಕಂದು ಬಣ್ಣಕ್ಕೆ ತಿರುಗಿ ಕುಳಿಯಾದ ಮೇಲೆ ಬರುವುದಿಲ್ಲ.

ನಾಲ್ಕು ಹಲ್ಲಿಗೂ ಬಿಳಿ ಗೆರೆಯಿತ್ತು.

ಅವ್ವನ ಮೇಲೆ ರೇಗಿದೆ. ಯಾಕೆ ರಾತ್ರಿ ಹಲ್ಲುಜ್ಜಿಸಲ್ಲ, ಯಾಕೆ ಕೇಳಿದಾಗೆಲ್ಲ ಕೊಡ್ತೀಯ. ಅವ್ವ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ನಾ ಕೊಡದು ನೀ ತಂದದ್ನೆಯ" ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ಹನೂರಿನ ಅಜ್ಜಿಯ ನಮೂನೆಯಲ್ಲಿ ನಾನು ಗುರುತು ಹಾಕಿದ್ದ ಎಲ್ಲ ಚೌಕಗಳೂ ನಮ್ಮ ಮನೆಗೂ ಬೀಳುತ್ತಿದ್ದವು. ವ್ಯತ್ಯಾಸ ಒಂದೇ, ಅಲ್ಲಿ ಕಾಸು ಕೊಡುತ್ತಿದ್ದವರು ಅಜ್ಜಿ, ಇಲ್ಲಿ ನಾನು.

ಆ ರಾತ್ರಿ ಅವ್ವನಿಗೆ ಸ್ವೀಡನ್ನಿನ ಒಂದು ಕತೆ ಹೇಳಿದೆ. 1940ರ ದಶಕದಲ್ಲಿ ಲುಂಡ್ ಪಟ್ಟಣದ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರಾದ ಜನರಿದ್ದರು. ಸಕ್ಕರೆಯಿಂದ ಹಲ್ಲು ಹಾಳಾಗುತ್ತದೆಯೇ ಎಂದು ನೋಡಲು ಅವರಲ್ಲಿ ಕೆಲವರಿಗೆ ಅಂಟು ಮಿಠಾಯಿಯನ್ನು ಊಟದ ನಡುನಡುವೆ ವರ್ಷಗಟ್ಟಲೆ ಕೊಟ್ಟರು. ಅವರ ಹಲ್ಲು ಹಾಳಾಯಿತು. ಊಟದ ಜೊತೆ ಸಿಹಿ ತಿಂದವರಿಗೆ ಅಷ್ಟು ಹಾಳಾಗಲಿಲ್ಲ. ಇವತ್ತು ನಾವೆಲ್ಲ 'ಊಟದ ನಡುವೆ ಸಿಹಿ ಬೇಡ' ಎಂದು ಹೇಳುವುದರ ಹಿಂದೆ ಅವರ ಬಾಯಿಗಳಿವೆ. ಅವರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಆಮೇಲೆ ಸ್ವೀಡನ್ನಿನಲ್ಲಿ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ ಎಂಬ ರೂಢಿ ಬೆಳೆಯಿತು.

ಅವ್ವ ಮೊದಲು ಕೇಳಿದ್ದು, "ಆ ಜನದ ಹಲ್ಲ ಯಾರಾದ್ರೂ ಸರಿ ಮಾಡ್ಸುದ್ರಾ?" ಎಂದು. ನನಗೆ ಹನೂರಿನ ಬಿಸ್ಕತ್ತಿನ ಡಬ್ಬ ನೆನಪಾಯಿತು. ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಶನಿವಾರ ಯಾಕೆ? ಸೋಮವಾರ ಮಾದಪ್ಪನ ವಾರ. ಅವತ್ತು ಕೊಟ್ರಾಯ್ತು" ಎಂದಳು.

ನಾನು ಮೈಸೂರಿನಲ್ಲಿ ಕೂತು ಬಣ್ಣದ ಚಿತ್ರಗಳ ಕರಪತ್ರ ಮಾಡಿದ್ದೆ. ನಗುವ ಹಲ್ಲು, ಅಳುವ ಹಲ್ಲು. ಅವ್ವನಿಗೆ ಅದರ ಅಗತ್ಯ ಬೀಳಲಿಲ್ಲ. ನಾನು ತಂದ ಮಿಠಾಯಿಯನ್ನು ಅವಳು ಮಾದಪ್ಪನ ಪಟದ ಮುಂದಿನ ಗೂಡಿನಲ್ಲಿಟ್ಟಳು. ಮಗು ಕೇಳಿದರೆ, "ಅದು ಮಾದಪ್ಪಂದು. ಸೋಮಾರ ಅವ್ನೇ ಕೊಡ್ತಾನೆ." ಮೊದಲ ವಾರ ಮಗು ಅತ್ತಳು. ಎರಡನೇ ವಾರ ದಿನ ಎಣಿಸತೊಡಗಿದಳು. ಸೋಮವಾರ ಸಂಜೆ ದೀಪ ಹಚ್ಚಿ, ಊಟದ ಜೊತೆ ಮಿಠಾಯಿ, ಊಟವಾದ ಮೇಲೆ ಹಲ್ಲುಜ್ಜುವುದು. ಹಲ್ಲುಪುಡಿ ಹೋಗಿ ಫ್ಲೋರೈಡ್ ಇರುವ ಪೇಸ್ಟು ಬಂತು, ಬಟಾಣಿ ಕಾಳಿನಷ್ಟು. ಮೂರು ವರ್ಷದೊಳಗಿನವರಿಗಾದರೆ ಅಕ್ಕಿ ಕಾಳಿನಷ್ಟು ಸಾಕು. ಉಜ್ಜುವವಳು ಅವ್ವ, ಮಗುವಲ್ಲ. ಏಳೆಂಟು ವರ್ಷದ ತನಕ ಮಕ್ಕಳ ಕೈಗೆ ಆ ಹಿಡಿತ ಬರುವುದಿಲ್ಲ. ನಮ್ಮ ದಂತವೈದ್ಯೆ ಬಿಳಿ ಗೆರೆಗಳಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಿದರು. ಒಂದೆರಡು ನಿಮಿಷದ ಕೆಲಸ, ನೋವಿಲ್ಲ.

ಈ ಎಲ್ಲದಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಕುಳಿಯಾದ ಹಾಲುಹಲ್ಲನ್ನು ಕೊರೆಯದೆಯೇ ಅಲ್ಲಿಗೇ ನಿಲ್ಲಿಸುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಹನಿಯೂ ಇದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಹುಳುಕು ಮುಂದುವರಿಯುವುದು ಬಹಳಷ್ಟು ಸಲ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಫ್ಲೋರೈಡ್ ಪೇಸ್ಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಶಾಲೆಯ ಜಗಲಿಯಲ್ಲೇ ಮಾಡಬಹುದಾದ ಕೆಲಸ ಇದು. ಚೀಟಿ ಬರೆದು ಕೈತೊಳೆದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ.

ಮಾರ್ಗದರ್ಶಕರ ಜೊತೆ ಬಹಳ ಚರ್ಚೆಯಾಗಿ, ನೈತಿಕ ಸಮಿತಿಗೆ ಮತ್ತೆ ಅರ್ಜಿ ಹಾಕಿ, ಮೂರನೇ ಸುತ್ತಿನಲ್ಲಿ ನಮ್ಮ ಕೆಲಸದ ಕ್ರಮ ಬದಲಾಯಿತು. 'ಹೆಚ್ಚು ಅಪಾಯ' ಎಂದು ಬರೆದ ಮಗುವಿಗೆ ಅವತ್ತೇ, ಅಲ್ಲೇ, ಏನಾದರೂ ಮಾಡದೆ ಮುಂದಿನ ಹೆಸರು ಕರೆಯುವುದಿಲ್ಲ. ಇದರಿಂದ ನನ್ನ ಅಂಕಿಅಂಶ ಮೊದಲಿನಷ್ಟು ಶುದ್ಧವಾಗಿ ಉಳಿಯುವುದಿಲ್ಲ. ಅಪಾಯ ಎಂದ ಮಕ್ಕಳಿಗೆ ಹುಳುಕಾಗದೇ ಹೋದರೆ ನನ್ನ ಅಂದಾಜು ತಪ್ಪಿದ ಹಾಗೆ ಕಾಣುತ್ತದೆ. ತಪ್ಪಲಿ ಎಂದೇ ಈಗ ಕೆಲಸ ಮಾಡುತ್ತಿದ್ದೇನೆ. ನಮೂನೆಯಲ್ಲಿ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ: ಸಿಹಿ ಯಾರು ಕೊಡುತ್ತಾರೆ, ಯಾವಾಗ, ಯಾಕೆ? ಚೌಕಗಳಿಲ್ಲ, ಬರೆದುಕೊಳ್ಳಲು ಖಾಲಿ ಜಾಗ.

ಮೊನ್ನೆ ಅಕ್ಕನ ಮಗಳ ತುಟಿ ಎತ್ತಿ ನೋಡಿದೆ. ಗೆರೆಗಳು ಪೂರ್ತಿ ಹೋಗಿಲ್ಲ. ಆದರೆ ಸುಣ್ಣದಂತೆ ಮಂಕಾಗಿದ್ದದ್ದು ಈಗ ನುಣುಪಾಗಿ ಹೊಳೆಯುತ್ತಿವೆ. ಅಲ್ಲಿಗೆ ನಿಂತಿದೆ ಎಂದು ಅದರ ಅರ್ಥ.

ಕಳೆದ ವಾರ ಹನೂರಿನ ಆ ಶಾಲೆಗೂ ಹೋಗಿದ್ದೆವು. ಹುಡುಗ ಈಗ ಎರಡನೇ ತರಗತಿ. ಕಿತ್ತ ಹಲ್ಲಿನ ಜಾಗ ಖಾಲಿಯಿದೆ. ಅದಕ್ಕೂ ಹಿಂದೆ, ಸಾಲಿನ ಕೊನೆಯಲ್ಲಿ, ಆರನೇ ವರ್ಷಕ್ಕೆ ಬರುವ ದವಡೆಹಲ್ಲು ಪೂರ್ತಿ ಮೇಲೆ ಬಂದಿದೆ. ಯಾವ ಹಲ್ಲೂ ಬೀಳದೆ ಹಿಂದೆ ಸದ್ದಿಲ್ಲದೆ ಹುಟ್ಟುವ ಇದನ್ನು ಬಹಳ ಜನ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಅಲ್ಲ, ಸಾಯುವ ತನಕ ಇರಬೇಕಾದ ಹಲ್ಲು ಅದು. ದಂತವೈದ್ಯೆ ಅದರ ಸಂದುಗಳನ್ನು ಒಣಗಿಸಿ ಮುಚ್ಚುಲೇಪ ಹಚ್ಚುತ್ತಿದ್ದಾಗ ಅಜ್ಜಿ ಪಕ್ಕದಲ್ಲೇ ನಿಂತಿದ್ದರು. ನಾನು ಅವರ ಬೆರಳು ಹಿಡಿದು ಮೊಮ್ಮಗನ ಕೆನ್ನೆ ಸರಿಸಿ ಒಳಗೆ ತೋರಿಸಿದೆ.

"ಇದು ಬೀಳಲ್ವಾ?" ಎಂದು ಕೇಳಿದರು.

"ಇಲ್ಲಜ್ಜಿ. ಇದು ಬಿದ್ರೆ ಇನ್ನೊಂದು ಬರಲ್ಲ."

ಅಜ್ಜಿ ಇನ್ನೊಂದು ಸಲ ಬಗ್ಗಿ, ಬೆಳಕಿಗೆ ಅವನ ಮುಖ ತಿರುಗಿಸಿಕೊಂಡು, ಚೆನ್ನಾಗಿ ನೋಡಿದರು. "ಹಂಗಾರೆ ಇದ ಮಡಿಕಬೇಕು" ಅಂದರು. ಚೀಟಿಯನ್ನು ಮಡಗಿದ್ದೀನಿ ಎಂದ ಅದೇ ದನಿಯಲ್ಲಿ.